ಕಂಪ್ಯೂಟರಿಗೊಂದು ವೈಫೈ ಕಾರ್ಡು

ಹೊರನಾಡಿನಲ್ಲಿ ನೆಲಸಿದ ನಮ್ಮ ಮನೆಗಳಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರು ಬಹಳ ಕೆಲಸಕ್ಕೆ ಒದಗುತ್ತದೆ. ಮಗನ ಪಾಠ ಅದರಲ್ಲೇ, ಮನೆಯಾಕೆಯ ಬ್ಯಾಂಕಿನ ವ್ಯವಹಾರ ಅದರಲ್ಲೇ, ಭಾನುವಾರ ಧಾರವಾಡದ ಅಜ್ಜಿಯ ಮುಖದರ್ಶನವೂ ಅದರಲ್ಲೇ. ಆದರೆ ಫೋನಿಗೆ ಹುಟ್ಟಿನಿಂದಲೇ ಬಂದಿರುವ ವೈಫೈ ಸೌಕರ್ಯ ಅನೇಕ ಡೆಸ್ಕ್‌ಟಾಪುಗಳಿಗೆ ಇರುವುದಿಲ್ಲ. ಅದಕ್ಕೆಂದು ಬೇರೆ ಕಾರ್ಡು ಕೊಳ್ಳಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರು ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಎಲ್ಲಿ ಹೋದರೂ ಅಂಗಡಿಯವನು ಹತ್ತು ಬಗೆಯವನ್ನು ಮುಂದೆ ಹರವುತ್ತಾನೆ. ಬಿ.ಎ. ಓದಿದ ಗುಮಾಸ್ತನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ದುಡ್ಡು ಗುಮಾಸ್ತನದೇ ಅಲ್ಲವೆ!

ಪೆಟ್ಟಿಗೆಯ ಮೇಲೆ 'ಎಸಿ 1200' ಎಂದು ದಪ್ಪಕ್ಷರದಲ್ಲಿರುತ್ತದೆ. ಇದನ್ನು ಪ್ರವಾಸಭತ್ಯದ ಬಿಲ್ಲಿನಂತೆ ಓದತಕ್ಕದ್ದು. ಮೊತ್ತವನ್ನು ಬಿಟ್ಟು ಬಾಬುಗಳನ್ನು ನೋಡಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯ 300 ಮೆಗಾಬಿಟ್, 5 ಗಿಗಾಹರ್ಟ್ಸ್ ಪಟ್ಟಿಯ 867, ಎರಡನ್ನೂ ಕೂಡಿ ಸ್ವಲ್ಪ ಏರಿಸಿ ಬರೆದ ಲೆಕ್ಕ ಅದು. ಇಂಥ ಕಾರ್ಡು ಒಮ್ಮೆಗೆ ಒಂದೇ ಪಟ್ಟಿಯಲ್ಲಿ ದುಡಿಯುವುದರಿಂದ ಆ ಮೊತ್ತ ಎಂದೂ ಕೈಸೇರದು. ಮನೆಗೆ ಬರುವ ಸಂಪರ್ಕವೇ 100 ಮೆಗಾಬಿಟ್ಟಿನದಾದರೆ ಅದಕ್ಕಿಂತ ಹೆಚ್ಚಿನ ಅಂಕಿಗೆ ಕೊಡುವ ಹಣ ಬಹುಮಟ್ಟಿಗೆ ಶೋಭೆಗೆ ಮಾತ್ರ. ವೈಫೈ 6ರ ಕಾರ್ಡೂ ಹಾಗೆಯೇ. ರೂಟರು ಹಳೆಯದಿದ್ದರೆ ಹಳೆಯ ವೇಗದಲ್ಲೇ ನಡೆಯುತ್ತದೆ.

ಎರಡೂ ಪಟ್ಟಿಗಳಿರುವ ಕಾರ್ಡು ಮಾತ್ರ ಬೇಕೇಬೇಕು. ಹಿಂದೆ ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸು ಶುಲ್ಕ ಕಟ್ಟುತ್ತಿದ್ದುದನ್ನು ಹಿರಿಯರು ಬಲ್ಲರು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರಕಾರ 2005ರ ಜನವರಿಯಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಿತು. ಈಗ ಒಂದೇ ಕಟ್ಟಡದ ಇಪ್ಪತ್ತು ಮನೆಗಳ ರೂಟರುಗಳೂ ಮೈಕ್ರೋವೇವ್ ಒಲೆಗಳೂ ಅದೇ ಓಣಿಯಲ್ಲಿ ಗದ್ದಲ ಮಾಡುತ್ತವೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನಲುಗಳು 1, 6, 11 ಎಂಬ ಮೂರೇ. 5 ಗಿಗಾಹರ್ಟ್ಸಿನಲ್ಲಿ ಜಾಗ ವಿಶಾಲ, ಆದರೆ ಗೋಡೆ ದಾಟುವಾಗ ಅದು ಬೇಗ ಬಳಲುತ್ತದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಆಂಟೆನಾ. ನಮ್ಮ ಕಂಪ್ಯೂಟರು ಇರುವುದೆಲ್ಲಿ? ಮೇಜಿನ ಕೆಳಗೆ, ಗೋಡೆಗೆ ಬೆನ್ನುಕೊಟ್ಟು, ತಗಡಿನ ಪೆಟ್ಟಿಗೆಯೊಳಗೆ. ಕಾರ್ಡಿನ ಹಿಂಬದಿಗೇ ತಿರುಪಿದ ಆಂಟೆನಾ ಆ ತಗಡಿಗೂ ಗೋಡೆಗೂ ನಡುವೆ ಸಿಕ್ಕಿಬೀಳುತ್ತದೆ. ಅಜ್ಜಿಯ ಮಾತು ಅರ್ಧಕ್ಕೇ ಕಡಿದುಹೋಗುವುದಕ್ಕೆ ಎಷ್ಟೋ ಮನೆಗಳಲ್ಲಿ ಇದೇ ಕಾರಣ. ಬೈಗುಳ ಮಾತ್ರ ಇಂಟರ್ನೆಟ್ಟಿನವನಿಗೆ. ಆದಕಾರಣ ಉದ್ದ ತಂತಿಯ ತುದಿಯಲ್ಲಿ ಅಯಸ್ಕಾಂತದ ಪೀಠವುಳ್ಳ ಆಂಟೆನಾ ಬರುವ ಕಾರ್ಡನ್ನೇ ಕೇಳಿ, ಆಂಟೆನಾವನ್ನು ಮೇಜಿನ ಮೇಲಿಡಿ. ಉಗುರಿನಷ್ಟು ಚಿಕ್ಕ ಯುಎಸ್‌ಬಿ ಸಾಧನ ಅಗ್ಗವೇನೋ ಸರಿ. ಆದರೆ ಅದರ ಆಂಟೆನಾವೂ ಉಗುರಿನಷ್ಟೇ. ಅದನ್ನೇ ಕೊಳ್ಳುವುದಾದರೆ ಒಂದು ಎಕ್ಸ್‌ಟೆನ್ಷನ್ ತಂತಿಯನ್ನೂ ಕೊಂಡು ಮೇಲಕ್ಕೆ ತನ್ನಿ. ಪಕ್ಕದಲ್ಲಿ ಯುಎಸ್‌ಬಿ 3ರ ಡಿಸ್ಕು ಓಡುತ್ತಿದ್ದರೆ ಅದರ ಸದ್ದು ಕೂಡ 2.4 ಗಿಗಾಹರ್ಟ್ಸಿಗೆ ಅಡ್ಡಬರುತ್ತದೆ. ತಂತಿಯಿಂದ ಆ ಕಾಟವೂ ಕಡಿಮೆಯಾದೀತು.

ಹೊರಡುವ ಮುನ್ನ ಪೆಟ್ಟಿಗೆ ಬಿಚ್ಚಿ ಮದರ್‌ಬೋರ್ಡಿನ ಫೋಟೋ ತೆಗೆದುಕೊಳ್ಳಿ. ಇಂದಿನ ಕಾರ್ಡುಗಳಿಗೆ ಪಿಸಿಐ ಎಕ್ಸ್‌ಪ್ರೆಸ್ ಗೂಡು ಬೇಕು. ತೀರ ಹಳೆಯ ಪಿಸಿಐ ಗೂಡಿಗೆ ಅವು ಹಿಡಿಯವು. ನಮ್ಮ ನೆರೆಯವರೊಬ್ಬರು ಕಾರ್ಡಿನೊಳಗೆ ಕೂರಿಸುವ ಚಿಕ್ಕ ಹಲಗೆಯನ್ನಷ್ಟೇ ಕೊಳ್ಳಲು ಹೋಗಿದ್ದರು. ಇಂಟೆಲ್ಲಿನ ಎಎಕ್ಸ್ 210 ಎಂದು ಕೇಳಿದವರಿಗೆ ಅಂಗಡಿಯಾತ "ಎರಡೂ ಒಂದೇ ಸ್ವಾಮಿ" ಎಂದು ಎಎಕ್ಸ್ 211 ಕಟ್ಟಿಕೊಟ್ಟ. ಒಂದೇ ಅಂಕಿಯ ಭೇದ! 211 ಇಂಟೆಲ್ಲಿನ ಕೆಲವು ಪ್ರೊಸೆಸರುಗಳ ಜೊತೆಗೆ, ಅದಕ್ಕೆಂದೇ ಇರುವ ಗೂಡಿನಲ್ಲಿ ಮಾತ್ರ ನಡೆಯುತ್ತದೆ, ಅವರದು ಎಎಂಡಿ. ಬಿಲ್ಲು ಜೋಪಾನವಾಗಿದ್ದುದರಿಂದ ಬದಲಾಯಿತು.

ಕಾರ್ಡಿನಲ್ಲಿ ಬ್ಲೂಟೂತೂ ಇದ್ದರೆ ಅದರ ಜೊತೆ ಬರುವ ಸಣ್ಣ ತಂತಿಯನ್ನು ಬೋರ್ಡಿನ ಒಳಗಿನ ಯುಎಸ್‌ಬಿ ಸೂಜಿಗಳಿಗೆ ಸಿಕ್ಕಿಸಬೇಕು, ಇಲ್ಲವಾದರೆ ಬ್ಲೂಟೂತ್ ಏಳದು. ಡ್ರೈವರ್ ತಂತ್ರಾಂಶ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು ಎಂಬ ಪೇಚು ಬಂದಾಗ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಸಂಪರ್ಕವನ್ನೇ ಕಂಪ್ಯೂಟರಿಗೆ ಕೊಡಬಹುದು.

ಇನ್ನು, ರೂಟರು ಅದೇ ಕೋಣೆಯಲ್ಲೇ ಇದ್ದರೆ ಈ ಯಾವ ಗೊಡವೆಯೂ ಬೇಡ. ಹತ್ತು ಮೀಟರ್ ಈಥರ್ನೆಟ್ ತಂತಿ ತಂದು ಗೋಡೆಯಂಚಿಗೆ ಮೊಳೆ ಹೊಡೆದುಬಿಡಿ.