ಸಾನಿಯಾ ಮಿರ್ಜಾರ ಜೋಡಿಯಾಟ

ದಾದರಿನ ಶಿವಾಜಿ ಪಾರ್ಕಿನಲ್ಲಿ ಬ್ಯಾಟು ಹಿಡಿದ ಹುಡುಗರನ್ನು ನೋಡಿ ನೋಡಿ, ಮುಂಬಯಿಯ ಆಟವೆಂದರೆ ಕ್ರಿಕೆಟ್ಟೊಂದೇ ಎಂದು ನಾವು ತಿಳಿದಿದ್ದೇವೆ. ಮಹಿಳೆಯರ ಟೆನಿಸ್ ಡಬಲ್ಸಿನಲ್ಲಿ ಜಗತ್ತಿಗೇ ಮೊದಲಿಗರಾದ ಸಾನಿಯಾ ಮಿರ್ಜಾ ಹುಟ್ಟಿದುದೂ ಈ ಮುಂಬಯಿಯಲ್ಲೇ, 1986ರ ನವೆಂಬರ್ 15ರಂದು. ಬೆಳೆದುದು ಹೈದರಾಬಾದಿನಲ್ಲಿ. ಹುಟ್ಟೂರೊಂದು, ಬೆಳೆದ ಊರೊಂದು ಎಂಬುದು ನಮ್ಮ ಸಂಘದ ಮನೆಗಳಿಗೆ ಹೊಸದೇನಲ್ಲವಷ್ಟೆ!

ಆರನೆಯ ವಯಸ್ಸಿನಲ್ಲಿ ಆಟ ಕಲಿಯತೊಡಗಿದ ಆಕೆ 2003ರಲ್ಲಿ ವಿಂಬಲ್ಡನ್ನಿನ ಬಾಲಕಿಯರ ಡಬಲ್ಸ್ ಗೆದ್ದರು. 2007ರಲ್ಲಿ ಸಿಂಗಲ್ಸಿನಲ್ಲಿ ಜಗತ್ತಿನ 27ನೆಯ ಸ್ಥಾನಕ್ಕೇರಿದರು. ಅಷ್ಟರಲ್ಲಿ ಮಣಿಕಟ್ಟೇ ಕೈಕೊಟ್ಟಿತು. ಮಣಿಕಟ್ಟು, ಮೊಣಕಾಲುಗಳಿಗೆ ಒಟ್ಟು ಮೂರು ಶಸ್ತ್ರಚಿಕಿತ್ಸೆಗಳಾದವು. ಎರಡು ಬಗೆಯ ಆಟವನ್ನೂ ದೇಹ ತಾಳಲಾರದೆಂದು 2013ರಲ್ಲಿ ಸಿಂಗಲ್ಸಿಗೆ ವಿದಾಯ ಹೇಳಿ, ಡಬಲ್ಸನ್ನೇ ನೆಚ್ಚಿಕೊಂಡರು.

ಡಬಲ್ಸೆಂದರೆ ಸೋತವರ ಆಸರೆ ಎಂದು ಮೂಗು ಮುರಿಯುವವರುಂಟು. ನಾವು ಒಪ್ಪೆವು. ಅಲ್ಲಿ ಓಟ ಕಡಿಮೆಯಾದರೂ ಯೋಚಿಸಲು ಸಮಯವಿಲ್ಲ. ಜೊತೆಗಾತಿ ಎಲ್ಲಿ ನಿಂತಾಳೆಂಬುದನ್ನು ನೋಡದೆಯೇ ತಿಳಿಯಬೇಕು. ಸಾನಿಯಾರದು ಹಿಂದಿನಿಂದ ಅಪ್ಪಳಿಸುವ ಫೋರ್‌ಹ್ಯಾಂಡ್. ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸರದು ನೆಟ್ಟಿನ ಬಳಿಯ ಚಾತುರ್ಯ. 2015ರ ಮಾರ್ಚಿನಲ್ಲಿ ಒಂದಾದ ಈ ಜೋಡಿ ಮೊದಲ ಮೂರು ಪಂದ್ಯಾವಳಿಗಳನ್ನೂ ಗೆದ್ದಿತು. ಏಪ್ರಿಲ್ 13ರಂದು ಸಾನಿಯಾ ಡಬಲ್ಸಿನಲ್ಲಿ ಜಗತ್ತಿನ ಮೊದಲ ಸ್ಥಾನ ಪಡೆದರು. ಭಾರತದ ಹೆಣ್ಣುಮಗಳೊಬ್ಬಳಿಗೆ ಅದು ಮೊದಲ ಸಲ.

ಅದೇ ವರ್ಷ ಜುಲೈಯಲ್ಲಿ ವಿಂಬಲ್ಡನ್ ಫೈನಲ್. ಎದುರಿಗೆ ರಷ್ಯಾದ ಮಕರೋವಾ ಮತ್ತು ವೆಸ್ನಿನಾ. ಮೊದಲ ಸೆಟ್ ಹೋಯಿತು. ಎರಡನೆಯದು ಟೈಬ್ರೇಕರಿನಲ್ಲಿ ದಕ್ಕಿತು. ಮೂರನೆಯದರಲ್ಲಿ 2-5, ಇನ್ನೊಂದು ಗೇಮ್ ಹೋದರೆ ಮುಗಿಯಿತು! ಅಲ್ಲಿಂದ ಇವರು 5-5ಕ್ಕೆ ಬಂದರು. ಕತ್ತಲಾಗುತ್ತಿದ್ದುದರಿಂದ ಆಟ ನಿಲ್ಲಿಸಿ ಅಂಕಣದ ಛಾವಣಿ ಮುಚ್ಚಿದರು. ದೀಪದ ಬೆಳಕಿನಲ್ಲಿ ಮತ್ತೆ ಆಡಿ 5-7, 7-6, 7-5ರಿಂದ ಗೆದ್ದರು. ಮುಂದೆ ಅಮೆರಿಕದ ಓಪನ್, 2016ರ ಆರಂಭದಲ್ಲಿ ಆಸ್ಟ್ರೇಲಿಯದ ಓಪನ್. ಈ ನಡುವೆ ಸತತ 41 ಗೆಲುವುಗಳು. ಆ ಆಗಸ್ಟಿನಲ್ಲಿ ಇಬ್ಬರೂ ಬೇರೆಯಾದರು. ಬೇರೆಯಾದೊಡನೆ ಸಿನ್ಸಿನಾಟಿಯ ಫೈನಲಿನಲ್ಲಿ ಸಾನಿಯಾ ಸ್ಟ್ರಿಕೋವಾರೊಡನೆ ಆಡಿ ಹಿಂಗಿಸರ ಜೋಡಿಯನ್ನೇ ಸೋಲಿಸಿದುದು ಸ್ವಾರಸ್ಯದ ಸಂಗತಿ.

2018ರಲ್ಲಿ ತಾಯಿಯಾದರು. ಮರಳಿ ಬಂದ ಮೊದಲ ಪಂದ್ಯಾವಳಿಯಲ್ಲೇ, 2020ರ ಜನವರಿಯಲ್ಲಿ ಹೋಬರ್ಟಿನಲ್ಲಿ, ಡಬಲ್ಸ್ ಪ್ರಶಸ್ತಿ ಗೆದ್ದರು. ಮದುವೆ, ಮಕ್ಕಳಾದ ಮೇಲೆ ಆಟವೆಂತು ಎನ್ನುವ ನಮ್ಮ ಹಿರಿಯರು ಇದನ್ನು ಗಮನಿಸಬೇಕು.

ಆಕೆಯ ಕೊನೆಯ ಗ್ರ್ಯಾಂಡ್‌ಸ್ಲಾಮ್ ಫೈನಲ್ 2023ರ ಜನವರಿಯಲ್ಲಿ ಮೆಲ್ಬರ್ನಿನಲ್ಲಿ ನಡೆದ ಮಿಶ್ರ ಡಬಲ್ಸ್. ಜೊತೆಗಾರ ನಮ್ಮ ಕೊಡಗಿನ ರೋಹನ್ ಬೋಪಣ್ಣ. ತಮಗೆ 14 ವರ್ಷವಾಗಿದ್ದಾಗ ಮಿಶ್ರ ಡಬಲ್ಸಿನ ಮೊದಲ ಜೊತೆಗಾರ ಇವರೇ ಎಂದು ಆಕೆ ಅಲ್ಲಿ ಕಣ್ಣೊರೆಸಿಕೊಳ್ಳುತ್ತ ನೆನೆದರು. ಪಂದ್ಯ ಬ್ರೆಜಿಲಿನವರ ಪಾಲಾಯಿತು. ಪುಟ್ಟ ಮಗ ನೋಡುತ್ತ ಕುಳಿತಿದ್ದ.