ನೀರುನಾಯಿ ಕಾಯ್ದ ಕಡಲ ಕಾಡು

ಅಲಾಸ್ಕದ ತುದಿಯಿಂದ ರಷ್ಯಾದ ಕಮ್ಚಾಟ್ಕಾದತ್ತ ಸುಮಾರು 1,900 ಕಿ.ಮೀ. ಉದ್ದಕ್ಕೆ ಬಿಲ್ಲಿನಂತೆ ಬಾಗಿರುವ ದ್ವೀಪಮಾಲೆ ಅಲ್ಯೂಷಿಯನ್. ಜ್ವಾಲಾಮುಖಿಗಳಿಂದ ಎದ್ದ ಈ ದ್ವೀಪಗಳಲ್ಲಿ ತಾನಾಗಿ ಬೆಳೆದ ಮರವಿಲ್ಲ. ವರ್ಷದ ಬಹುಪಾಲು ಮಂಜು, ಜಡಿಮಳೆ, ಬಿರುಗಾಳಿ. ಇಲ್ಲಿ ಕಾಡು ಇರುವುದು ನೀರಿನೊಳಗೆ. ಕೆಲ್ಪ್ ಎಂಬ ಕಂದು ಕಡಲಪಾಚಿ ತಳದ ಬಂಡೆಗಳನ್ನು ಕಚ್ಚಿ ಹಿಡಿದು ಮೇಲೇಳುತ್ತದೆ. ಅದರ ಎಲೆಗಳ ಮರೆಯಲ್ಲಿ ಮೀನು, ಏಡಿ, ಬಸವನಹುಳುಗಳು ಬದುಕುತ್ತವೆ. 1970ರ ದಶಕದಲ್ಲಿ ಕೆಲವು ದ್ವೀಪಗಳ ಸುತ್ತ ಈ ಕಾಡು ದಟ್ಟವಾಗಿತ್ತು. ಕೆಲವೆಡೆ ಒಂದು ಎಲೆಯೂ ಇರಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಹುಡುಕಿದ ಸಂಶೋಧನೆ ಇಂದು ಪರಿಸರ ವಿಜ್ಞಾನದ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಅದು ಯಾರೋ ಕುಳಿತು ಯೋಜಿಸಿದ ಸಂಶೋಧನೆಯಲ್ಲ. ಒಂದು ಹಡಗು ಒಡೆದದ್ದು, ತುಪ್ಪಳದ ವ್ಯಾಪಾರ, ಅಣುಬಾಂಬು, ನೌಕಾದಳದ ನೆಲೆ ಎಲ್ಲವೂ ಸೇರಿ ಅದಕ್ಕೆ ದಾರಿ ಮಾಡಿದವು.

1741ರಲ್ಲಿ ರಷ್ಯಾದ ಸೇವೆಯಲ್ಲಿದ್ದ ಡೆನ್ಮಾರ್ಕಿನ ನಾವಿಕ ವಿಟಸ್ ಬೇರಿಂಗ್ ಅಲಾಸ್ಕದ ಕರಾವಳಿ ಕಂಡು ಹಿಂದಿರುಗುವಾಗ ಅವನ ಹಡಗು ಕಮಾಂಡರ್ ದ್ವೀಪಗಳಲ್ಲೊಂದಕ್ಕೆ ಬಡಿದು ನಿಂತಿತು. ಬೇರಿಂಗ್ ಅಲ್ಲೇ ಸತ್ತ. ಉಳಿದವರು ಚಳಿಗಾಲ ಕಳೆಯಲು ಕಡಲ ನೀರುನಾಯಿಗಳನ್ನು ಬೇಟೆಯಾಡಿ ತಿಂದರು. ಮುಂದಿನ ವರ್ಷ, ಒಡೆದ ಹಡಗಿನ ಹಲಗೆಗಳಿಂದಲೇ ದೋಣಿ ಕಟ್ಟಿಕೊಂಡು ಕಮ್ಚಾಟ್ಕಾ ತಲುಪಿದಾಗ ಅವರ ಬಳಿ ನೂರಾರು ನೀರುನಾಯಿ ಚರ್ಮಗಳಿದ್ದವು. ಚೀನಾದ ಸಿರಿವಂತರು ಅದಕ್ಕೆ ಕೇಳಿದ ಬೆಲೆ ಕೊಡುತ್ತಿದ್ದರು. ಸುದ್ದಿ ಹಬ್ಬಿತು, ಬೇಟೆಗಾರರ ದಂಡು ದ್ವೀಪದಿಂದ ದ್ವೀಪಕ್ಕೆ ನುಗ್ಗಿತು. ದ್ವೀಪಗಳ ಮೂಲನಿವಾಸಿಗಳಾದ ಉನಂಗನ್ ಜನ, ಅಂದರೆ ಹೊರಗಿನವರು ಅಲ್ಯೂಟ್ ಎಂದು ಕರೆದವರು, ಚರ್ಮದ ದೋಣಿಗಳಲ್ಲಿ ನೀರುನಾಯಿ ಬೇಟೆಯಾಡುವುದರಲ್ಲಿ ನಿಪುಣರು. ಅವರನ್ನು ಬಲವಂತವಾಗಿ ಈ ಕೆಲಸಕ್ಕೆ ದೂಡಲಾಯಿತು. ತುಪ್ಪಳದ ಇತಿಹಾಸದ ಅತಿ ಕ್ರೂರ ಅಧ್ಯಾಯ ಬಹುಶಃ ಇದೇ.

ನೀರುನಾಯಿಯ ತುಪ್ಪಳಕ್ಕೆ ಅಷ್ಟು ಬೆಲೆ ಬರಲು ಅದರ ದೇಹರಚನೆಯೇ ಕಾರಣ. ತಿಮಿಂಗಿಲ, ಸೀಲ್‌ಗಳಿಗಿರುವಂಥ ದಪ್ಪ ಕೊಬ್ಬಿನ ಪದರ ಅದಕ್ಕಿಲ್ಲ. ತಣ್ಣೀರಿನಲ್ಲಿ ಅದನ್ನು ಬದುಕಿಸುವುದು ಜಗತ್ತಿನಲ್ಲೇ ಅತಿ ಒತ್ತಾದ ತುಪ್ಪಳ ಮತ್ತು ಎಂದೂ ಆರದ ಜಠರಾಗ್ನಿ. ಪ್ರತಿದಿನ ಅದು ತನ್ನ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲಿನಷ್ಟು ತಿನ್ನಬೇಕು. ತುಂಗಭದ್ರೆ, ಕಾವೇರಿಗಳ ನೀರುನಾಯಿಗೆ ಇದು ದೂರದ ಬಂಧು. ಆದರೆ ನಮ್ಮ ನದಿಯ ನೀರುನಾಯಿ ದಡದ ಬಿಲದಲ್ಲಿ ಮರಿ ಹಾಕಿದರೆ, ಇದು ಕಡಲಲ್ಲೇ ಹುಟ್ಟಿ, ಅಲ್ಲೇ ಮಲಗಿ, ಅಲ್ಲೇ ಸಾಯಬಲ್ಲದು. ಅದರ ನೆಚ್ಚಿನ ಊಟ ಅರ್ಚಿನ್: ಮೈತುಂಬ ಮುಳ್ಳಿರುವ, ಮುಷ್ಟಿಗಾತ್ರದ ತಳಜೀವಿ. ಅರ್ಚಿನ್‌ನ ಊಟ ಕೆಲ್ಪ್. ಮುಂದಿನ ಕತೆಯೆಲ್ಲ ಈ ಮೂರರ ನಡುವಿನದು.

1911ರಲ್ಲಿ ಅಮೆರಿಕ, ಬ್ರಿಟನ್, ರಷ್ಯಾ, ಜಪಾನ್ ಒಪ್ಪಂದ ಮಾಡಿಕೊಂಡು ಬೇಟೆಗೆ ತಡೆ ಹಾಕಿದವು. ಅಷ್ಟರಲ್ಲಿ ಜಪಾನಿನಿಂದ ಮೆಕ್ಸಿಕೊವರೆಗೆ ಹರಡಿದ್ದ ಲಕ್ಷಕ್ಕೂ ಮೀರಿದ ಸಂತತಿಯಲ್ಲಿ ಉಳಿದದ್ದು ಒಂದೆರಡು ಸಾವಿರ. ಅವೂ ಅಲ್ಲೊಂದು ಇಲ್ಲೊಂದು ಚಿಕ್ಕ ಗುಂಪುಗಳಲ್ಲಿ. ಅಂಥ ಒಂದು ಗುಂಪು ಅಲ್ಯೂಷಿಯನ್ ಸಾಲಿನ ಪಶ್ಚಿಮಕ್ಕಿರುವ ಆಮ್ಚಿಟ್ಕಾ ದ್ವೀಪದ ಸುತ್ತ ಬದುಕುಳಿದು, ಮುಂದಿನ ದಶಕಗಳಲ್ಲಿ ಕಡಲನ್ನು ಮತ್ತೆ ತುಂಬಿಕೊಂಡಿತು. ಇನ್ನೂ ಪಶ್ಚಿಮದ ಶೆಮ್ಯಾ ದ್ವೀಪದಲ್ಲಿ ಒಂದೂ ಉಳಿದಿರಲಿಲ್ಲ. ನಡುವೆ ಅಗಲವಾದ ಆಳಗಡಲು. ಈಜಿ ದಾಟುವುದು ಸುಲಭವಲ್ಲ. ಹೀಗೆ ಒಂದೇ ಹವೆ, ಒಂದೇ ಬಗೆಯ ಬಂಡೆ, ಒಂದೇ ತಣ್ಣೀರು ಇರುವ ಎರಡು ತಾಣಗಳಲ್ಲಿ ಒಂದರಲ್ಲಿ ನೀರುನಾಯಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ವಿಜ್ಞಾನಿಗಳು ಹಣ ಸುರಿದರೂ ಕಟ್ಟಲಾಗದ ಪ್ರಯೋಗವನ್ನು ಬೇಟೆಗಾರರು ತಿಳಿಯದೇ ಸಿದ್ಧಮಾಡಿ ಹೋಗಿದ್ದರು.

ಅದನ್ನು ನೋಡಲು ವಿಜ್ಞಾನಿಗಳನ್ನು ಕರೆತಂದದ್ದು ಬಾಂಬು. ಆಮ್ಚಿಟ್ಕಾ ದೂರದ, ಜನವಸತಿಯಿಲ್ಲದ ದ್ವೀಪವೆಂದು ಅಮೆರಿಕ ಅದನ್ನು ನೆಲದಡಿಯ ಅಣುಪರೀಕ್ಷೆಗಳಿಗೆ ಆರಿಸಿತು. 1965ರಲ್ಲಿ ಮೊದಲನೆಯದು, 1969ರಲ್ಲಿ ಎರಡನೆಯದು, 1971ರ ನವೆಂಬರ್ 6ರಂದು ಸುಮಾರು 5 ಮೆಗಾಟನ್ ಶಕ್ತಿಯ ‘ಕ್ಯಾನಿಕಿನ್’. ಅಮೆರಿಕ ನೆಲದಡಿಯಲ್ಲಿ ನಡೆಸಿದ ಸ್ಫೋಟಗಳಲ್ಲೇ ಅತಿ ದೊಡ್ಡದು ಅದು. ತಡೆಯಾಜ್ಞೆ ಕೋರಿದ ಅರ್ಜಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ನಾಲ್ಕು-ಮೂರರ ಬಹುಮತದಲ್ಲಿ ತಳ್ಳಿಹಾಕಿತ್ತು. ಈ ಪರೀಕ್ಷೆಯನ್ನು ವಿರೋಧಿಸಲು ಕೆನಡಾದ ವ್ಯಾಂಕೂವರ್‌ನಿಂದ ಮೀನುಗಾರಿಕೆಯ ಹಳೆಯ ದೋಣಿಯೊಂದರಲ್ಲಿ ಹೊರಟವರ ಗುಂಪೇ ಮುಂದೆ ಗ್ರೀನ್‌ಪೀಸ್ ಸಂಸ್ಥೆಯಾಯಿತು. ಪರೀಕ್ಷೆಯಿಂದ ಜೀವಿಗಳಿಗೆ ಏನಾಗುತ್ತದೆಂದು ತಿಳಿಯಲು ಅಣುಶಕ್ತಿ ಆಯೋಗ ಸಮೀಕ್ಷೆಗಳಿಗೆ ಹಣ ಕೊಟ್ಟಿತು. ಆ ಹಣದಿಂದಲೇ 1970ರಲ್ಲಿ ಜೇಮ್ಸ್ ಎಸ್ಟಿಸ್ ಎಂಬ ಯುವ ಸಂಶೋಧನಾ ವಿದ್ಯಾರ್ಥಿ ಆಮ್ಚಿಟ್ಕಾಕ್ಕೆ ಬಂದ. ನೀರುನಾಯಿಗಳನ್ನು ಎಣಿಸುವುದು, ಕೆಲ್ಪ್ ಕಾಡು ಅವುಗಳನ್ನು ಹೇಗೆ ಸಾಕುತ್ತದೆ ಎಂದು ನೋಡುವುದು ಅವನ ಉದ್ದೇಶವಾಗಿತ್ತು.

1971ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ದ್ವೀಪಕ್ಕೆ ಬಂದರು. ವಾಷಿಂಗ್ಟನ್ ಕರಾವಳಿಯ ಬಂಡೆಗಳಿಂದ ನಕ್ಷತ್ರಮೀನುಗಳನ್ನು ಕಿತ್ತೆಸೆದು, ಅವಿಲ್ಲದಿದ್ದರೆ ಒಂದೇ ಜಾತಿಯ ಮಸ್ಸೆಲ್ ಚಿಪ್ಪು ಬೇರೆಲ್ಲ ಜೀವಿಗಳನ್ನು ಹೊರದೂಡುತ್ತದೆ ಎಂದು 1966ರಲ್ಲಿ ತೋರಿಸಿಕೊಟ್ಟವರು ಅವರು. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಇಡೀ ಸಮುದಾಯವನ್ನು ಹಿಡಿದಿಡುವ ಇಂಥ ಜೀವಿಗೆ ‘ಕೀಸ್ಟೋನ್ ಪ್ರಭೇದ’ ಎಂಬ ಹೆಸರನ್ನು 1969ರಲ್ಲಿ ಕೊಟ್ಟವರೂ ಅವರೇ. ಎಸ್ಟಿಸ್‌ನ ಯೋಜನೆಯನ್ನು ಕೇಳಿದ ಪೇನ್ ಪ್ರಶ್ನೆಯನ್ನು ತಿರುಗಿಸಿ ನೋಡು ಎಂದರು: ಕಾಡು ನೀರುನಾಯಿಗೆ ಏನು ಮಾಡುತ್ತದೆ ಎನ್ನುವುದಕ್ಕಿಂತ, ನೀರುನಾಯಿ ಕಾಡಿಗೆ ಏನು ಮಾಡುತ್ತದೆ? ಪರಿಸರ ವಿಜ್ಞಾನದಲ್ಲಿ ಇಷ್ಟು ಅಗ್ಗಕ್ಕೆ ಸಿಕ್ಕು ಇಷ್ಟು ಫಲ ಕೊಟ್ಟ ಸಲಹೆ ಅಪರೂಪ.

ಎಸ್ಟಿಸ್ ಮತ್ತು ಜೊತೆಗಾರ ಜಾನ್ ಪಾಲ್ಮಿಸಾನೊ ಆಮೇಲೆ ಶೆಮ್ಯಾಕ್ಕೆ ಹೋಗಿ ನೀರಿಗಿಳಿದರು. ಆಮ್ಚಿಟ್ಕಾದಲ್ಲಿ ಚಾಚಿದ ಕೈ ಕಾಣದಷ್ಟು ಕೆಲ್ಪ್. ಇಲ್ಲಿ ತಳವೆಲ್ಲ ಬೋಳು. ಬಂಡೆಗಳ ಮೇಲೆ ಹಾಸಿದಂತೆ ದಪ್ಪದಪ್ಪ ಅರ್ಚಿನ್‌ಗಳು. ಬೆಳೆಗೆ ಬಿದ್ದ ಮಿಡತೆಗಳ ಹಿಂಡಿನಂತೆ ಅವು ಮೊಳೆತ ಕೆಲ್ಪನ್ನೆಲ್ಲ ತಿಂದು ಮುಗಿಸಿದ್ದವು. 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧದ ವಾದ ಸರಳ: ನೀರುನಾಯಿ ಅರ್ಚಿನ್ ತಿನ್ನುವುದರಿಂದ ಕಾಡು ಉಳಿಯುತ್ತದೆ, ನೀರುನಾಯಿ ಹೋದರೆ ಅರ್ಚಿನ್ ಹೆಚ್ಚಿ ಕಾಡು ಹೋಗುತ್ತದೆ. ಬೇಟೆಗಾರ ಪ್ರಾಣಿಯ ಪ್ರಭಾವ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಸ್ಯದವರೆಗೆ ಇಳಿಯುವುದನ್ನು ವಿಜ್ಞಾನಿಗಳು ‘ಟ್ರೋಫಿಕ್ ಕ್ಯಾಸ್ಕೇಡ್’ ಎನ್ನುತ್ತಾರೆ.

ಎರಡೇ ದ್ವೀಪ ನೋಡಿ ಇಷ್ಟು ದೊಡ್ಡ ಮಾತು ಆಡಬಹುದೇ ಎಂದು ಕೇಳಿದವರಿದ್ದರು, ಕೇಳಬೇಕಾದದ್ದೇ. ಉತ್ತರಗಳು ಹಲವು ದಿಕ್ಕಿನಿಂದ ಬಂದವು. 1978ರಲ್ಲಿ ಚಾರ್ಲ್ಸ್ ಸಿಮೆನ್‌ಸ್ಟಡ್, ಎಸ್ಟಿಸ್ ಮತ್ತು ಅಲ್ಯೂಷಿಯನ್ ನೀರುನಾಯಿಗಳ ಹಿರಿಯ ಅಧ್ಯಯನಕಾರ ಕಾರ್ಲ್ ಕೆನ್ಯನ್ ಆಮ್ಚಿಟ್ಕಾದ ಪ್ರಾಚೀನ ತಿಪ್ಪೆಗಳ ಪದರಗಳನ್ನು ಓದಿದರು. ಸಾವಿರಾರು ವರ್ಷ ಉನಂಗನ್ ಜನ ತಿಂದೆಸೆದ ಮೂಳೆ, ಚಿಪ್ಪು, ಮುಳ್ಳುಗಳು ಅಲ್ಲಿದ್ದವು. ಕೆಲವು ಪದರಗಳಲ್ಲಿ ಅರ್ಚಿನ್ ಅವಶೇಷ ಹೆಚ್ಚು, ಕೆಲವು ಪದರಗಳಲ್ಲಿ ಮೀನು ಮತ್ತು ಸೀಲ್ ಹೆಚ್ಚು. ಹಳ್ಳಿಗಳ ಬಳಿ ಬೇಟೆಯಿಂದ ನೀರುನಾಯಿ ಕಡಿಮೆಯಾದಾಗ ಕಡಲತಳ ಬೋಳಾಗುತ್ತಿತ್ತು ಎಂದು ಅವರು ಅರ್ಥ ಮಾಡಿದರು. ರಷ್ಯನ್ನರು ಬರುವ ಮೊದಲೂ ಈ ಏರಿಳಿತ ಇತ್ತು ಎಂದಾಯಿತು. ನಂತರ ಡೇವಿಡ್ ಡಗಿನ್ಸ್ ಜೊತೆಗೂಡಿ ಎಸ್ಟಿಸ್ ಅಲಾಸ್ಕದ ಅನೇಕ ತಾಣಗಳನ್ನು ಅಳೆದು, ಬಹುಮಟ್ಟಿಗೆ ಎಲ್ಲೆಡೆ ಅದೇ ಚಿತ್ರ ಕಂಡದ್ದನ್ನು 1995ರಲ್ಲಿ ಪ್ರಕಟಿಸಿದರು. 1989ರ ಇನ್ನೊಂದು ಅಧ್ಯಯನ ಕಾರ್ಬನ್‌ನ ಸಮಸ್ಥಾನಿಗಳ ಜಾಡು ಹಿಡಿದು, ಕೊಳೆತ ಕೆಲ್ಪ್‌ನ ಕಾರ್ಬನ್ ಮಸ್ಸೆಲ್, ಬಾರ್ನಕಲ್‌ಗಳ ಮೈ ಸೇರುತ್ತದೆ, ನೀರುನಾಯಿಯಿರುವ ದ್ವೀಪಗಳಲ್ಲಿ ಅವು ಬಹಳ ಬೇಗ ಬೆಳೆಯುತ್ತವೆ ಎಂದು ತೋರಿಸಿತು.

ಈ ಕೆಲಸ ದಶಕಗಟ್ಟಲೆ ನಡೆಯಲು ಬೇಕಿದ್ದದ್ದು ತಂಗಲು ಒಂದು ಜಾಗ, ಬಂದುಹೋಗಲು ವಿಮಾನ, ದೋಣಿ. ಏಡಾಕ್ ದ್ವೀಪದ ಅಮೆರಿಕನ್ ನೌಕಾನೆಲೆ ಅದನ್ನು ಒದಗಿಸಿತು. ಬೇಸಿಗೆಯಲ್ಲೂ ಕೊರೆಯುವ ನೀರು. ಒಂದೊಂದು ಮುಳುಗಿನಲ್ಲೂ ಚೌಕಟ್ಟು ಇಟ್ಟು ಅರ್ಚಿನ್ ಎಣಿಸಿ, ಕೆಲ್ಪ್ ಎಣಿಸಿ ಮೇಲೆ ಬರಬೇಕು. ಅದೇ ತಾಣ, ಅದೇ ಎಣಿಕೆ, ವರ್ಷ ವರ್ಷ. ಹೊರಗಿನವರಿಗೆ ಇದು ನೀರಸ ಕೆಲಸ. ಆದರೆ 1990ರ ದಶಕದಲ್ಲಿ ಅನಿರೀಕ್ಷಿತವಾದದ್ದು ನಡೆದಾಗ ಕೈಗೆ ಬಂದದ್ದು ಈ ಹಳೆಯ ಎಣಿಕೆಗಳೇ.

ನೀರುನಾಯಿಗಳು ಮಾಯವಾಗತೊಡಗಿದವು. ವರ್ಷಕ್ಕೆ ಸುಮಾರು ಶೇ. 25ರ ದರದಲ್ಲಿ ಸಂಖ್ಯೆ ಕುಸಿಯಿತು. ರೋಗವಿದ್ದರೆ ಶವಗಳು ದಡಕ್ಕೆ ಬರಬೇಕಿತ್ತು, ಬರಲಿಲ್ಲ. ಹಸಿವಿದ್ದರೆ ಪ್ರಾಣಿಗಳು ಸೊರಗಬೇಕಿತ್ತು. ಆದರೆ ತಿನ್ನಲು ಅರ್ಚಿನ್ ಧಾರಾಳವಾಗಿತ್ತು. ಬೇರೆಡೆಗೆ ವಲಸೆ ಹೋಗಿದ್ದರೆ ಎಲ್ಲೋ ಒಂದೆಡೆ ಹೆಚ್ಚಬೇಕಿತ್ತು, ಹೆಚ್ಚಲಿಲ್ಲ. ಅದೇ ಹೊತ್ತಿಗೆ ಓರ್ಕಾ ತಿಮಿಂಗಿಲಗಳು ನೀರುನಾಯಿಯ ಮೇಲೆರಗುವುದನ್ನು ತಂಡದವರು ಕಣ್ಣಾರೆ ಕಂಡರು. ಅನುಮಾನ ಪರೀಕ್ಷಿಸಲು ಏಡಾಕ್‌ನಲ್ಲೇ ಒಂದು ಜೋಡಿ ತಾಣ ಇತ್ತು: ಕ್ಲ್ಯಾಮ್ ಲಗೂನ್ ಎಂಬ ಹಿನ್ನೀರಿನ ಬಾಯಿ ಕಿರಿದು, ಓರ್ಕಾ ಒಳಬರಲಾರದು, ಪಕ್ಕದ ಕುಲುಕ್ ಕೊಲ್ಲಿ ತೆರೆದದ್ದು. ಎರಡೂ ಕಡೆ ನೀರುನಾಯಿಗಳಿಗೆ ಗುರುತು ಹಾಕಿ ನೋಡಿದಾಗ ಲಗೂನಿನವು ಉಳಿದವು, ಕೊಲ್ಲಿಯವು ಹೋದವು. ಎಸ್ಟಿಸ್, ಟಿಮ್ ಟಿಂಕರ್, ಟೆರ್ರಿ ವಿಲಿಯಮ್ಸ್, ಡೇನಿಯಲ್ ಡೋಕ್ 1998ರಲ್ಲಿ ‘ಸೈನ್ಸ್’ನಲ್ಲಿ ಬರೆದ ಪ್ರಬಂಧದಲ್ಲಿ ಇನ್ನೊಂದು ಲೆಕ್ಕವಿತ್ತು: ಓರ್ಕಾಗೆ ಬೇಕಾದ ಶಕ್ತಿ, ನೀರುನಾಯಿಯಿಂದ ಸಿಗುವ ಶಕ್ತಿ ಎರಡನ್ನೂ ಹೋಲಿಸಿದರೆ, ನೀರುನಾಯಿಯನ್ನಷ್ಟೇ ತಿನ್ನುವ ನಾಲ್ಕಕ್ಕಿಂತ ಕಡಿಮೆ ಓರ್ಕಾಗಳು ಸಾಕು ಈ ಕುಸಿತಕ್ಕೆ. ಸಾವಿರಾರು ಕಿ.ಮೀ. ಕರಾವಳಿಯ ಪಾಡು ನಾಲ್ಕು ಪ್ರಾಣಿಗಳ ರುಚಿ ಬದಲಾದರೆ ಬದಲಾಗಬಹುದು ಎಂಬುದು ಮೊದಲ ಓದಿಗೆ ನಂಬಲಾಗದ ಮಾತು. ಕಡಲತಳವೂ ಅದೇ ಸಾಕ್ಷಿ ಹೇಳಿತು. 1987ರಿಂದ 1997ರ ನಡುವೆ ಅರ್ಚಿನ್‌ಗಳ ಒಟ್ಟು ತೂಕ ಎಂಟು ಪಟ್ಟು ಏರಿತ್ತು, ಕೆಲ್ಪ್‌ನ ದಟ್ಟಣೆ ಹನ್ನೆರಡನೇ ಒಂದು ಪಾಲಿಗೆ ಇಳಿದಿತ್ತು.

ಓರ್ಕಾ ಯಾಕೆ ಇಷ್ಟು ಚಿಕ್ಕ ಬೇಟೆಗೆ ಇಳಿಯಿತು ಎಂಬುದು ಇನ್ನೂ ಬಗೆಹರಿದಿಲ್ಲ. ಎರಡನೇ ಮಹಾಯುದ್ಧದ ನಂತರ ದೊಡ್ಡ ತಿಮಿಂಗಿಲಗಳನ್ನು ಮನುಷ್ಯರು ಬೇಟೆಯಾಡಿ ಬರಿದು ಮಾಡಿದ್ದರಿಂದ ಓರ್ಕಾಗಳು ಮೊದಲು ಸೀಲ್, ಆಮೇಲೆ ಸೀಲಯನ್, ಕೊನೆಗೆ ನೀರುನಾಯಿಯತ್ತ ಹೊರಳಿದವು ಎಂದು ಅಲನ್ ಸ್ಪ್ರಿಂಗರ್, ಎಸ್ಟಿಸ್ ಮತ್ತಿತರರು 2003ರಲ್ಲಿ ವಾದಿಸಿದರು. ಕಾಲಕ್ರಮ ಹೊಂದುವುದಿಲ್ಲ, ಓರ್ಕಾಗಳು ದೊಡ್ಡ ತಿಮಿಂಗಿಲಗಳನ್ನೇ ನೆಚ್ಚಿಕೊಂಡಿದ್ದವು ಎನ್ನಲು ಪುರಾವೆ ಸಾಲದು ಎಂದು ಬೇರೆ ತಜ್ಞರು ತಿರುಗಿಬಿದ್ದರು. ವಾದ ಆಕರ್ಷಕ, ಆದರೆ 1974ರ ಪ್ರಬಂಧಕ್ಕಿದ್ದ ಜೋಡಿದ್ವೀಪಗಳಂಥ ಆಸರೆ ಇದಕ್ಕಿಲ್ಲ.

ಬೋಳಾದ ತಳದಲ್ಲಿ ಈಗ ಇನ್ನೊಂದು ಸವೆತ ನಡೆಯುತ್ತಿದೆ. ಕೆಲ್ಪ್ ಮುಗಿಸಿದ ಅರ್ಚಿನ್‌ಗಳು ಅದರಡಿಯ, ಸುಣ್ಣದ ಮೈಯ ಕೆಂಪು ಪಾಚಿ ಶತಮಾನಗಳಿಂದ ಕಟ್ಟಿದ ದಿಬ್ಬಗಳನ್ನೇ ಕೊರೆಯುತ್ತಿವೆ. ಈ ಪಾಚಿಯಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷದ ಉಂಗುರಗಳಿವೆ. ತುಪ್ಪಳದ ಕಾಲದಲ್ಲಿ ಆದ ಕೊರೆತದ ಗಾಯಗಳೂ ಅದರಲ್ಲಿ ದಾಖಲಾಗಿವೆ. ಡಗ್ಲಸ್ ರಾಶರ್ ಮತ್ತು ಸಂಗಡಿಗರು 2020ರಲ್ಲಿ ಅವನ್ನು ಓದಿ, ಕಡಲು ಬಿಸಿಯಾಗಿ ಆಮ್ಲತೆ ಹೆಚ್ಚಿದಂತೆ ಪಾಚಿಯ ಸುಣ್ಣದ ಗೂಡು ಮೆದುವಾಗಿ ಅರ್ಚಿನ್‌ಗಳ ಕೊರೆತ ಮೊದಲಿಗಿಂತ ವೇಗವಾಗಿದೆ ಎಂದು ತೋರಿಸಿದರು. ನೀರುನಾಯಿ ಇದ್ದಿದ್ದರೆ ಹವಾಮಾನದ ಏಟು ಇಷ್ಟು ಬೇಗ ತಟ್ಟುತ್ತಿರಲಿಲ್ಲ ಎಂಬುದು ಅವರ ತೀರ್ಮಾನ. ನೈಋತ್ಯ ಅಲಾಸ್ಕದ ನೀರುನಾಯಿ 2005ರಿಂದ ಅಮೆರಿಕದ ಕಾನೂನಿನಡಿ ಅಪಾಯದಂಚಿನ ಪಟ್ಟಿಯಲ್ಲಿದೆ.

ಆಗ್ನೇಯ ಅಲಾಸ್ಕದಲ್ಲಿ ಮಾತ್ರ ಕತೆ ಬೇರೆ. ಅಣುಪರೀಕ್ಷೆಗಳ ವರ್ಷಗಳಲ್ಲಿ ಆಮ್ಚಿಟ್ಕಾ ಮತ್ತಿತರ ಕಡೆಗಳಿಂದ ಸುಮಾರು ನಾಲ್ಕು ನೂರು ನೀರುನಾಯಿಗಳನ್ನು ವಿಮಾನದಲ್ಲಿ ಅಲ್ಲಿಗೆ ಸಾಗಿಸಿ ಬಿಡಲಾಗಿತ್ತು. ಅವುಗಳ ಸಂತತಿ 2012ರ ಅಂದಾಜಿನಂತೆ 25 ಸಾವಿರದಷ್ಟಾಗಿ, ಕೆಲ್ಪ್ ಕಾಡು ಮತ್ತೆ ಎದ್ದಿದೆ. ಏಡಿ, ಕಡಲಸೌತೆ ಹಿಡಿದು ಬದುಕುವ ಅಲ್ಲಿನ ಬೆಸ್ತರು ತಮ್ಮ ಪಾಲನ್ನು ನೀರುನಾಯಿ ತಿಂದುಹಾಕುತ್ತಿದೆ ಎಂದು ಸರ್ಕಾರಕ್ಕೆ ದೂರು ಕೊಡುತ್ತಲೇ ಇದ್ದಾರೆ.