ಹೆಪ್ಟನ್‌ಸ್ಟಾಲ್: ನೇಕಾರರ ಬೆಟ್ಟದೂರು

ಒಂದೇ ಆವರಣದಲ್ಲಿ ಎರಡು ಚರ್ಚು. ಒಂದಕ್ಕೆ ಚಾವಣಿಯೇ ಇಲ್ಲ!

ಇದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನ ಹೆಪ್ಟನ್‌ಸ್ಟಾಲ್. ಕಣಿವೆಯ ಹೆಬ್ಡನ್ ಬ್ರಿಡ್ಜ್ ಪಟ್ಟಣದಿಂದ ಕಲ್ಲು ಹಾಸಿದ ಕಡಿದಾದ ದಾರಿ ಹತ್ತಿದರೆ ಈ ಊರು ಸಿಗುತ್ತದೆ.

ಊರನ್ನು ಬೆಳೆಸಿದ್ದು ಉಣ್ಣೆ ಬಟ್ಟೆ. ಇಲ್ಲಿನ ಹಳೆಯ ಮನೆಗಳ ಮಹಡಿ ನೋಡಿ. ಸಾಲು ಸಾಲು ಕಿಟಕಿ, ಒಂದೊಂದರ ನಡುವೆಯೂ ಸಣ್ಣ ಕಲ್ಲಿನ ಕಂಬ. ಒಳಗೆ ಕೈಮಗ್ಗ ನಡೆಯುತ್ತಿತ್ತು, ಎಳೆ ಕಾಣಲು ಬೆಳಕು ಬೇಕಿತ್ತು. 16ನೇ ಶತಮಾನದಲ್ಲೇ ಇಲ್ಲಿ ಬಟ್ಟೆ ಮಾರಾಟಕ್ಕೆಂದೇ ಒಂದು ಕಟ್ಟಡವಿತ್ತು. ಸರಕು ಹೊತ್ತದ್ದು ಹೇರು ಕುದುರೆಗಳು.

ಮುಂದೆ ನೀರಿನಿಂದ, ಆಮೇಲೆ ಉಗಿಯಿಂದ ಓಡುವ ಗಿರಣಿಗಳು ಕಣಿವೆಯಲ್ಲಿ ಎದ್ದವು. ಕೆಲಸ ಬೆಟ್ಟ ಇಳಿಯಿತು. ಕೆಳಗಿನ ಪಟ್ಟಣ ಬೆಳೆಯಿತು, ಮೇಲಿನ ಊರಿನ ಹಳೆಯ ರೂಪ ಉಳಿಯಿತು.

ಆ ಎರಡು ಚರ್ಚಿನ ಕಥೆ? 1847ರ ಬಿರುಗಾಳಿ ಹಳೆಯದನ್ನು ಹಾಳುಮಾಡಿತು. ಊರವರು ಅದನ್ನು ಕೆಡವಲಿಲ್ಲ, ಪಕ್ಕದಲ್ಲೇ ಹೊಸದನ್ನು ಕಟ್ಟಿದರು. 1764ರ ಎಂಟು ಮೂಲೆಯ ಮೆಥಡಿಸ್ಟ್ ಪ್ರಾರ್ಥನಾ ಮಂದಿರವೂ ಇಲ್ಲಿದೆ. ಕವಯಿತ್ರಿ ಸಿಲ್ವಿಯಾ ಪ್ಲಾತ್ ಸಮಾಧಿಯೂ ಈ ಊರಲ್ಲೇ.

ಗುಡ್ ಫ್ರೈಡೇ ದಿನ ಬಂದರೆ ಊರ ಚೌಕದಲ್ಲಿ ಕಾಲಿಡಲು ಜಾಗವಿಲ್ಲ. 'ಪೇಸ್ ಎಗ್' ಎಂಬ ಜನಪದ ಆಟ! ಸಂತ ಜಾರ್ಜ್ ಕತ್ತಿ ಬೀಸುತ್ತಾನೆ, ಎದುರಾಳಿ ಬೀಳುತ್ತಾನೆ, ವೈದ್ಯ ಬಂದು ಬಿದ್ದವನನ್ನು ಎಬ್ಬಿಸುತ್ತಾನೆ.

ಹಳ್ಳಿ ಉಳಿಯಲು ಕಲ್ಲಿನ ಗೋಡೆಯಷ್ಟೇ ಸಾಲದು, ವರ್ಷಕ್ಕೊಮ್ಮೆಯಾದರೂ ಜನ ಒಂದೆಡೆ ಸೇರಬೇಕು. ಹೆಪ್ಟನ್‌ಸ್ಟಾಲ್ ಎರಡನ್ನೂ ಕಾಪಾಡಿಕೊಂಡಿದೆ.